ಭಾವನವರು ನಂಬಿದ ಮುಳ್ಳು

ಚಿನ್ನು, ಪುಟ್ಟಿ, ಇಬ್ಬರೂ ಒಟ್ಟಿಗೆ ಕೂತು ಓದಿ. ನಿಮ್ಮ ದೊಡ್ಡ ತಾತ, ಅಂದರೆ ನನ್ನ ಗಂಡನ ಅಣ್ಣ, ಮನೆಗೆ ಬಂದಾಗ ನಾನು ಕಾಫಿ ಲೋಟವನ್ನು ಜಗಲಿಯ ಮೇಲೆ ಇಟ್ಟು ಮಾತಾಡದೆ ಒಳಗೆ ಹೋಗುತ್ತೇನೆ. ಅದನ್ನು ನೋಡಿ ನೀವು, "ಅಜ್ಜಿ, ಅವರ ಮೇಲೆ ಕೋಪವಾ?" ಎಂದು ಕೇಳಿದಿರಿ. ನಾಚಿಕೆ ಎಂದು ಹೇಳಿ ತಪ್ಪಿಸಿಕೊಂಡೆ. ನಾಚಿಕೆಯಲ್ಲ, ಕೋಪವೇ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಆಗಲಿ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಸಕಲೇಶಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆ ದೋಣಿಗಲ್‌ನಿಂದ ಕೆಳಗೆ, ಹೆದ್ದಾರಿ ಬಿಟ್ಟು ಮಣ್ಣುರಸ್ತೆಯಲ್ಲಿ ಒಳಗೆ. ಬಸ್ಸು ಹಿಡಿಯಲು ಹೆದ್ದಾರಿಗೆ ಬರಬೇಕು, ನಡುವೆ ಆನೆ ದಾಟುವ ಜಾಗ. ಅವಳನ್ನು ಬಿಡುವುದು, ಕರೆತರುವುದು, ಗೊಬ್ಬರ ತರುವುದು, ಎಲ್ಲದಕ್ಕೂ ತಾತ ಬಿಟ್ಟುಹೋದ ಹಳೆಯ ಡೀಸೆಲ್ ಜೀಪೇ ದಿಕ್ಕು. ಅವರು ಇದ್ದಾಗಲೇ ಕಾಫಿ ಕಣದಲ್ಲಿ ನನಗೆ ಓಡಿಸುವುದನ್ನು ಕಲಿಸಿದ್ದರು. ಜೀಪಿನ ಕೆಳಗೆ ಮಲಗಿ ಅವರು ರಿಪೇರಿ ಮಾಡುವಾಗ ಸ್ಪ್ಯಾನರ್ ಎತ್ತಿಕೊಡುತ್ತಿದ್ದವಳು ನಾನೇ.

ವಿಧವೆ ಸ್ಟೇರಿಂಗ್ ಹಿಡಿದು ಊರ ಮುಂದೆ ಹೋಗುವುದು ಪಕ್ಕದ ಮನೆಯ ಭಾವನವರಿಗೆ, ಅಂದರೆ ನಿಮ್ಮ ದೊಡ್ಡ ತಾತನಿಗೆ, ಹಿಡಿಸಲಿಲ್ಲ. ನೇರವಾಗಿ ನನಗೆ ಹೇಳುವ ಹಾಗಿಲ್ಲ. ನಮ್ಮಲ್ಲಿ ಗಂಡನ ಅಣ್ಣನ ಜೊತೆ ತಮ್ಮನ ಹೆಂಡತಿ ಮಾತಾಡುವುದಿಲ್ಲ. ಏನಿದ್ದರೂ ನನ್ನ ಓರಗಿತ್ತಿ, ಅವರ ಹೆಂಡತಿ, ನಡುವೆ ನಿಲ್ಲಬೇಕು. ಎದುರಿಗೇ ಇದ್ದರೂ ಅವರು "ನಿನ್ ತಂಗಿಗೆ ಹೇಳು" ಅನ್ನುವರು, ನಾನು "ಅಕ್ಕ, ಕೇಳಿ" ಅನ್ನುವೆ. ಅಕ್ಕ ಪಾಪ, ಇಬ್ಬರೂ ಕೇಳಿಸಿಕೊಂಡ ಮಾತನ್ನೇ ಇನ್ನೊಮ್ಮೆ ಹೇಳಬೇಕು.

ಆ ವರ್ಷ ಆಯುಧಪೂಜೆಗೆ ಮೊದಲು, ತಮ್ಮನ ಜೀಪು ಮಿಂಚಬೇಕು ಎಂದು ಭಾವನವರೇ ಬಣ್ಣದ ಡಬ್ಬಿ ತಂದರು. ನಮ್ಮ ಕಡೆ ಆಯುಧಪೂಜೆ ಬಂದರೆ ಕತ್ತಿಯ ಹಿಡಿಯಿಂದ ಪಂಪ್‌ಸೆಟ್ಟಿನವರೆಗೆ ಯಾವುದಕ್ಕೂ ಬಣ್ಣದಿಂದ ಬಿಡುಗಡೆ ಇಲ್ಲ. ಮೀಟರುಗಳಿರುವ ಡ್ಯಾಶ್‌ಬೋರ್ಡಿನ ತಗಡನ್ನೂ ಬಿಚ್ಚಿ ಹಿಂದೆ ಮುಂದೆ ದಪ್ಪಗೆ ಹಸಿರು ಬಳಿದು ಮತ್ತೆ ಕೂರಿಸಿದರು. ಪೂಜೆಯಾಯಿತು, ಕುಂಬಳಕಾಯಿ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಚಪ್ಪಟೆಯಾಯಿತು. ಊಟದ ಹೊತ್ತಿಗೆ ಮೊಸರು ತರಲು ನಾನು ಹೆದ್ದಾರಿಯವರೆಗೆ ಹೋಗಿ ಬಂದೆ. ಅಂಗಳದಲ್ಲಿ ನಿಲ್ಲಿಸುವಾಗ ಭಾವನವರು ಒಳಗೆ ಬಗ್ಗಿ ನೋಡಿದರು. ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು.

"ನೋಡ್ರಪ್ಪ ಎಲ್ರೂ!" ಎಂದು ಊಟಕ್ಕೆ ಬಂದಿದ್ದ ನೆಂಟರನ್ನೆಲ್ಲ ಕರೆದರು. "ಇಂಜಿನ್ ಸುಟ್ಟಾಕ್‌ಬುಟ್ಟವ್ಳೆ. ಗಂಡನ್ನ ತಿಂದ್ಳು, ಈಗ ಅವ್ನ ಜೀಪನ್ನೂ ತಿಂದ್ಳು."

ಎಲೆಯ ಮುಂದೆ ಕೂತಿದ್ದ ಕೆಲವರು ನಕ್ಕರು. ನಿಮ್ಮಮ್ಮ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಭಾವನವರು ಕೀ ಕಿತ್ತು ಜೇಬಿಗೆ ಹಾಕಿಕೊಂಡು, "ಮುಳ್ಳು ಸುಳ್ಳು ಹೇಳಲ್ಲ ಕಣೆ. ಪೂರ್ತಿ ಕೆಡೋಕೆ ಮುಂಚೆ ಮಾರ್‌ಬುಡೋದೇ ಸೈ ಅಂತ ನಿನ್ ತಂಗಿಗೆ ಹೇಳು" ಎಂದರು. ಜೀಪು ಹೋದರೆ ಮಗಳನ್ನು ಶಾಲೆಗೆ ಕಳಿಸಲು ದಿನಾ ಅವರ ಬಾಗಿಲಲ್ಲಿ ನಿಲ್ಲಬೇಕಿತ್ತು. ಅವರಿಗೆ ಬೇಕಾದದ್ದೂ ಅದೇ.

ಮಾರನೆಯ ಬೆಳಿಗ್ಗೆಯೇ ಹೊರಟರು, ಸಕಲೇಶಪುರದಲ್ಲಿ ಕೊಳ್ಳುವವರಿಗೆ ತೋರಿಸಲು. ಕಾಗದಪತ್ರ ನನ್ನ ಹೆಸರಿನಲ್ಲಿದ್ದುದರಿಂದ ಸಹಿಗೆ ನಾನೂ ಬೇಕಾಗಿತ್ತು. ಹಬ್ಬಕ್ಕೆ ಬಂದಿದ್ದ ಅಕ್ಕನ ತಾಯಿಯನ್ನು ಬಸ್ಸಿಗೆ ಬಿಡಬೇಕೆಂದು ಅಕ್ಕನೂ ಜೊತೆಗೆ ಬಂದರು.

ನಾನು ಎಲ್ಲರಿಗಿಂತ ಮೊದಲು ಹೋಗಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಭಾವನವರು ಹಾರನ್ ನೋಡಲೆಂದು ಕೀ ತಿರುಗಿಸಿ ಹಾಗೆಯೇ ಬಿಟ್ಟು ಕಾಫಿಗೆ ಒಳಗೆ ಹೋದರು. ಇಂಜಿನ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಆದರೂ ಬಿಸಿಯ ಮುಳ್ಳು ಮೆಲ್ಲಗೆ ಏರಿ ಕೆಂಪಿಗೆ ಹೋಯಿತು. ಅದರ ಜೊತೆಗೇ ಡೀಸೆಲ್ ಮುಳ್ಳೂ ಏರಿ ಫುಲ್‌ನಲ್ಲಿ ನಿಂತಿತು. ಇಳಿದು ರೇಡಿಯೇಟರ್ ಮುಟ್ಟಿದೆ. ಇಬ್ಬನಿ ಕೂತು ತಣ್ಣಗಿತ್ತು. ಕಾಫಿ ಗಿಡದ ಕಡ್ಡಿ ಮುರಿದು ಟ್ಯಾಂಕಿಗೆ ಇಳಿಸಿದೆ. ತುದಿ ಮಾತ್ರ ಒದ್ದೆಯಾಯಿತು.

ನಿಮ್ಮ ತಾತ ಹೇಳುತ್ತಿದ್ದರು: "ಒಂದ್ ಮುಳ್ಳು ಕೆಟ್ರೆ ಅದ್ರ ಜಾಗ ನೋಡು. ಎರಡೂ ಒಟ್ಟಿಗೆ ಹುಚ್ಚಾಡಿದ್ರೆ ಇಬ್ರಿಗೂ ಅನ್ನ ಹಾಕೋನ್ನ ನೋಡು." ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ತಗಡಿನ ಡಬ್ಬಿಯೊಂದು ಇರುತ್ತದೆ. ಬ್ಯಾಟರಿಯ ಕರೆಂಟನ್ನು ತಗ್ಗಿಸಿ ಎರಡು ಮೀಟರಿಗೂ ಕೊಡುವುದು ಅದೇ. ಅದು ಬಣ್ಣವಿಲ್ಲದ ಬರಿಯ ತಗಡಿಗೆ ತಾಗಿ ಕೂತಿರಬೇಕು. ಇಲ್ಲದಿದ್ದರೆ ಕರೆಂಟು ತಗ್ಗದೆ ನುಗ್ಗಿ ಮುಳ್ಳುಗಳು ತುದಿಗೆ ಓಡುತ್ತವೆ. ಕೈ ಹಾಕಿ ತಡವಿದೆ. ಡಬ್ಬಿಯ ಅಡಿಯಲ್ಲಿ ಬಣ್ಣ ಗಟ್ಟಿಯಾಗಿ ಕೂತಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮನೆಯೊಳಗೆ ಹೇಳಿದರೆ ಮನೆಯೊಳಗೇ ಮುಗಿಯುತ್ತಿತ್ತು. ನನ್ನನ್ನು ಅಂದದ್ದು ಊಟದ ಪಂಕ್ತಿಯ ಮುಂದೆ. ಆದರೆ ಮೋಸ ಮಾಡಿದೆ ಅನ್ನಬಾರದು ಎಂದು, ಎಲ್ಲರೂ ಹತ್ತಿ ಕೂತ ಮೇಲೆ, "ಅಕ್ಕ, ಡೀಸೆಲ್ ಐತಾ ಕೇಳಿ" ಎಂದೆ.

"ಕಣ್ಣು ಕಾಣಲ್ವಂತಾ? ಫುಲ್ ಐತೆ. ಸುಮ್ನೆ ಕೂತ್ಕಳಕೆ ಹೇಳು."

ಸುಮ್ಮನೆ ಕೂತೆ. ಅಷ್ಟು ಸುಖವಾಗಿ ಆ ಜೀಪಿನಲ್ಲಿ ನಾನು ಯಾವತ್ತೂ ಕೂತಿರಲಿಲ್ಲ.

ದೋಣಿಗಲ್ ದಾಟಿ ಏರಿನ ತಿರುವಿನಲ್ಲಿ ಜೀಪು ಕೆಮ್ಮಿ ನಿಂತಿತು. ಹಿಂದೆ ಲಾರಿಗಳ ಸಾಲು. ಭಾವನವರು ಬಾನೆಟ್ ಎತ್ತಿ, "ನಾನ್ ಹೇಳಿರ್ಲಿಲ್ವಾ, ಇಂಜಿನ್ ಹೋಯ್ತು" ಎಂದು ತಮ್ಮ ಅತ್ತೆಯ ಕುಡಿಯುವ ನೀರನ್ನೆಲ್ಲ ರೇಡಿಯೇಟರ್ ಮೇಲೆ ಸುರಿದರು. ಒಬ್ಬ ಲಾರಿ ಡ್ರೈವರ್ ತಲೆ ಹೊರಗೆ ಹಾಕಿ, "ಏನ್ ಮಾರಾಯ್ರೇ, ರೋಡಲ್ಲೇ ಅಭಿಷೇಕ ಮಾಡ್ತಾ ಇದೀರಾ?" ಎಂದ.

ನಾನು ಇಳಿದು, ಬೇಲಿಯ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ ತೆಗೆದು ಆ ಮುದುಕಿಯ ಕೈಗೆ ಕೊಟ್ಟೆ. ಅವರು ಮೂಸಿ ನೋಡಿ, "ಅಯ್ಯೋ ಅಳೀಮಯ್ಯ, ಒಣಗಿದ್ ಸೌದೆ ಐತಲ್ಲ ಇದು! ಫುಲ್ ಐತೆ ಅಂದ್ರಿ?" ಎಂದರು.

"ಮುಳ್ಳು..." ಎಂದರು ಭಾವನವರು.

ಆಗ ನಾನು ಅಕ್ಕನ ಕಡೆ ನೋಡಲಿಲ್ಲ. ಮದುವೆಯಾಗಿ ಬಂದಮೇಲೆ ಮೊದಲ ಸಲ ಅವರ ಮುಖ ನೋಡಿಯೇ ಮಾತಾಡಿದೆ. "ಮುಳ್ಳು ಸುಳ್ಳು ಹೇಳಲ್ಲ ಅಂದ್ರಲ್ಲ ಭಾವ. ಟ್ಯಾಂಕ್ ಫುಲ್ ಐತೆ, ಓಡ್ಸಿ."

ಅವರು ಟ್ಯಾಂಕಿನೊಳಗೆ ತಾವೇ ಬಗ್ಗಿ ನೋಡಿದರು. ಕೊನೆಗೆ ಡೀಸೆಲ್ ತರಲು ಕ್ಯಾನು ಹಿಡಿದು, ಹಬ್ಬದ ಬಿಳಿ ಪಂಚೆ ಎತ್ತಿಕಟ್ಟಿ, ಲಾರಿಗಳ ಪಕ್ಕದಲ್ಲೇ ಇಳಿದುಹೋದರು. ಡ್ರೈವರುಗಳು ಒಬ್ಬರಾದ ಮೇಲೊಬ್ಬರು ಹಾರನ್ ಹೊಡೆದರು. ನಾನು ಪ್ರತಿಯೊಂದನ್ನೂ ಕೇಳಿಸಿಕೊಂಡೆ.

ಡೀಸೆಲ್ ತಂದು ಹಾಕಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿ ಹೋಗಬೇಕಲ್ಲ. ಕೈಪಂಪು ತೋರಿಸಿ, "ಒತ್ತಿ ಭಾವ. ಇನ್ನೂ ಒತ್ತಿ" ಎಂದೆ. ಬೇಕಾದ್ದಕ್ಕಿಂತ ಹೆಚ್ಚೇ ಒತ್ತಿಸಿದೆ. ಆಮೇಲೆ ಅವರ ಅತ್ತೆಯ ಅಡಿಕೆ ಚೂರಿ ಕೊಟ್ಟು, ಡಬ್ಬಿಯ ಸ್ಕ್ರೂ ಬಿಚ್ಚಿಸಿ, ಅವರೇ ಬಳಿದ ಬಣ್ಣವನ್ನು ಅವರ ಕೈಯಲ್ಲೇ ತಗಡು ಬೆಳ್ಳಗಾಗುವವರೆಗೆ ಕೆರೆಸಿದೆ. ಮತ್ತೆ ಕೂರಿಸಿ ಕೀ ತಿರುಗಿಸಿದಾಗ ಬಿಸಿಯ ಮುಳ್ಳು ಕೆಳಗೇ ಉಳಿಯಿತು. ಡೀಸೆಲ್ ಮುಳ್ಳು ಸ್ವಲ್ಪ ಎದ್ದು ನಿಂತಿತು.

"ಹಿಂದೆ ಕೂತ್ಕಳಿ" ಎಂದೆ. ಕೂತರು.

ಸಹಿ ಹಾಕುವ ಕಡೆಗೆ ನಾನು ತಿರುಗಲಿಲ್ಲ. ಮುದುಕಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ನೇರ ಮನೆಗೆ ಬಂದೆ. ಕೀ ನನ್ನ ಹತ್ತಿರವೇ ಉಳಿಯಿತು, ನಿಮ್ಮಮ್ಮ ಓದು ಮುಗಿಸುವವರೆಗೂ ಅದೇ ಜೀಪಿನಲ್ಲಿ ಓಡಾಡಿದಳು. ಜೀಪಿನ ವಿಷಯ ಅಲ್ಲಿಗೆ ತೀರಿತು. "ಗಂಡನ್ನ ತಿಂದ್ಳು" ಎಂದದ್ದಕ್ಕೆ ಮಾತ್ರ ಅವರು ಒಂದು ಮಾತೂ ಹೇಳಲಿಲ್ಲ, ಆಡಿಯೇ ಇಲ್ಲವೆಂಬಂತೆ ಇದ್ದಾರೆ. ವಯಸ್ಸಾಯಿತು, ಬಿಟ್ಟುಬಿಡು ಎನ್ನುತ್ತಾಳೆ ನಿಮ್ಮಮ್ಮ. ನಾನು ಬಿಟ್ಟಿಲ್ಲ.

ಈಗ ಆ ಮನೆಯವರು, ಜೀಪಿನ ತೊಂದರೆ ಕಂಡುಹಿಡಿದು ಸರಿಮಾಡಿಕೊಟ್ಟದ್ದು ದೊಡ್ಡ ತಾತನೇ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಾಳೆ ನಾನಿಲ್ಲದಾಗ ಅದೇ ನಿಜವಾಗಿಬಿಡುತ್ತದೆ. ಅದಕ್ಕೇ ಈ ಹಾಳೆಗಳನ್ನು ಇಲಿ, ಗೆದ್ದಲು ಮುಟ್ಟದ ಕಡೆ ಇಡಿ. ಅವರ ಮಕ್ಕಳು ಕೇಳಿದರೆ ಗಟ್ಟಿಯಾಗಿ ಓದಿ ಹೇಳಿ, ಕೈಗೆ ಮಾತ್ರ ಕೊಡಬೇಡಿ.