ತಂತಿಯಿಲ್ಲದ ಗಿಟಾರು

ಕಾರಣ ಹೇಳಲಾಗದ ಸಂಗತಿಗಳನ್ನು ನಾನು ಎಂದೂ ಒಪ್ಪಿದವಳಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಸರಗೋಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಧ್ಯಾಪಕರ ಕೊಠಡಿಯಲ್ಲಿ ಯಾರಾದರೂ ತಮ್ಮ ಊರಿನ ವಿಚಿತ್ರವೊಂದನ್ನು ಹೇಳತೊಡಗಿದರೆ, ಅದು ಮುಗಿಯುವ ಮೊದಲೇ ನನ್ನ ಪ್ರಶ್ನೆಗಳು ಆರಂಭವಾಗುತ್ತಿದ್ದವು. ನೀವೇ ಕಂಡದ್ದೋ, ಕಂಡವರು ಹೇಳಿದ್ದೋ? ಬೆಳಕು ಎಷ್ಟಿತ್ತು? ಜತೆಯಲ್ಲಿ ಯಾರಿದ್ದರು? ಗಣಿತದ ಮಾಸ್ತರರೊಬ್ಬರು ಒಮ್ಮೆ ಬೇಸತ್ತು, “ಈ ಟೀಚರ ಎದುರಿಗೆ ದೆವ್ವ ಬಂದರೂ ಹಾಜರಿ ಹೇಳಿಯೇ ಒಳಗೆ ಬರಬೇಕು” ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆಗಳನ್ನು ಬಿಡಲಿಲ್ಲ.

ಈಗ ಬರೆಯುತ್ತಿರುವುದು ನಾನೇ ಕೇಳಿದ ಸಂಗತಿ. ನಡೆದದ್ದು ಹಗಲಿನಲ್ಲಿ, ಜತೆಯಲ್ಲಿ ಇಬ್ಬರಿದ್ದರು. ಓದುಗರು ನನಗೆ ಯಾವ ರಿಯಾಯಿತಿಯನ್ನೂ ಕೊಡಬೇಕಾಗಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ನಾನು ಕೇಳುತ್ತಿದ್ದಂಥ ಪ್ರಶ್ನೆಗಳನ್ನೇ ನನಗೂ ಕೇಳಲಿ.

ಕೆಲಸದಿಂದ ಸ್ವಯಂನಿವೃತ್ತಿ ಪಡೆದ ಮೇಲೆ ನಾನು ಕೊಚ್ಚಿಗೆ ಬಂದೆ. ನನ್ನ ಪತಿ ಎರ್ನಾಕುಲಂನಲ್ಲಿ ವಕೀಲರು. ನಮ್ಮ ಮನೆ ಪಾಲಾರಿವಟ್ಟಂನಲ್ಲಿದೆ. ತಂಗಿ ಸುಮತಿ ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕಿ. ಅವಳ ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಒಬ್ಬಳೇ ಮಗಳು, ಅನಘಾ. ಈ ಬರಹ ಅವಳ ಗಿಟಾರಿನ ಕುರಿತು.

ಅನಘಾ ತಾನೇ ಹಾಡು ಕಟ್ಟಿ, ತಾನೇ ನುಡಿಸಿ ಹಾಡುತ್ತಾಳೆ. ಅವಳ ಸಂಗೀತಕ್ಕೆ ಆರ್ಟ್ ರಾಕ್ ಎಂದು ಹೆಸರಂತೆ. ಕೊಚ್ಚಿಯಲ್ಲಿ ಹುಡುಗ ಹುಡುಗಿಯರು ಅವಳನ್ನು ಗುರುತಿಸಿ ಜತೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅವಳ ಹಾಡುಗಳಲ್ಲಿ ಕನ್ನಡವೂ ಮಲಯಾಳವೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಕರ್ತೃಪದ ಒಂದು ಭಾಷೆಯದು, ಕ್ರಿಯಾಪದ ಇನ್ನೊಂದರದು. ತಿದ್ದಲು ಹೋಗಿ ಸೋತು, ನಾನು ಸುಮ್ಮನಾದೆ. ಆದರೆ ಜನ ಅವಳನ್ನು ಮೆಚ್ಚುವುದು ಮುಖ್ಯವಾಗಿ ಗಿಟಾರಿಗಾಗಿ. ಎಲ್ಲರಂತೆ ಅವಳು ಅದನ್ನು ಎದೆಗೆ ಆನಿಸಿ ಹಿಡಿಯುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತು, ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಚಿಕ್ಕ ಸ್ಟೀಲ್ ಲೋಟವೊಂದನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈ ಗೆಣ್ಣುಗಳಿಂದ ಮರವನ್ನು ತಟ್ಟುತ್ತ ನುಡಿಸುತ್ತಾಳೆ.

“ನೀನು ಹಾಡುವುದಾ ಅನಘಾ, ದೋಸೆ ಹೊಯ್ಯುವುದಾ?” ಎಂದು ನಮ್ಮವರು ಕೇಳುವರು.

“ಹೊಯ್ಯುವುದು ನಾನು. ಚಟ್ನಿ ನೀವು ತನ್ನಿ ದೊಡ್ಡಪ್ಪ,” ಎಂದು ಅವಳು ತಲೆಯೆತ್ತದೆ ಹೇಳುವಳು.

ಅವಳಿಗೆ ಇನ್ನೊಂದು ಪದ್ಧತಿ ಇದೆ. ಗಿಟಾರಿನ ಆರು ತಂತಿಗಳನ್ನು ಎಲ್ಲರೂ ಗೊತ್ತಾದ ಆರು ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ಅನಘಾ ಪ್ರತಿ ಹಾಡಿಗೂ ಬೇರೆ ಶ್ರುತಿ ಕಟ್ಟುತ್ತಾಳೆ. ಕಿವಿಗೆ ಹಿತವಾಗುವವರೆಗೆ ಬಿರಡೆಗಳನ್ನು ತಿರುಗಿಸುತ್ತಾಳೆ. ಅದನ್ನು ಎಲ್ಲಿಯೂ ಬರೆದಿಡುವುದಿಲ್ಲ. “ಬರೆದರೆ ಪಾಠ ಆಗ್ತದೆ ದೊಡ್ಡಮ್ಮ. ಕೈಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ” ಎಂಬುದು ಅವಳ ವಾದ. ಪಾಠ ಹೇಳಿಯೇ ಬದುಕಿದ ನನ್ನ ಎದುರಿಗೆ ಈ ಮಾತು!

ಹೀಗೆ ಬರೆದಿಡದೆ ಅವಳು ಕಳೆದುಕೊಂಡದ್ದು ಒಂದೇ ಒಂದು ಶ್ರುತಿಯನ್ನು. ಕಳಮಶ್ಶೇರಿಯಲ್ಲಿ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಕುಳಿತು ಅಮ್ಮನಿಗಾಗಿ ಕಟ್ಟಿದ ಹಾಡು ಅದು; ಅವಳ ಮೊದಲ ಹಾಡು. ಸುಮತಿ ಅವಳನ್ನು ನೋಡಲು ಬಂದಾಗ ಒಮ್ಮೆ ನುಡಿಸಿ ಕೇಳಿಸಿದ್ದಳು. ಕೆಲವು ದಿನಗಳಲ್ಲಿ ತಂತಿಯೊಂದು ಹರಿಯಿತು. ಬೇರೆ ತಂತಿ ಹಾಕಿ, ಬೇರೆ ಹಾಡಿಗೆ ಬೇರೆ ಶ್ರುತಿ ಕಟ್ಟಿದಳು. ಹಳೆಯದು ಮತ್ತೆ ಕೈಗೆ ಸಿಗಲಿಲ್ಲ. ಮಾತುಗಳು ನೆನಪಿದ್ದವು, ರಾಗ ನೆನಪಿತ್ತು. ಆದರೆ ಕೆಳಗೆ ಹಾಸಿದ ಆ ನಾದ ಇರಲಿಲ್ಲ. ಬೇರೆ ಬೇರೆ ರೀತಿಯಲ್ಲಿ ನುಡಿಸಿ ತೋರಿಸಿದಾಗಲೆಲ್ಲ ಸುಮತಿ, “ಚೆಂದ ಉಂಟು ಮಗಾ. ಆದರೆ ಅದಲ್ಲ” ಎನ್ನುತ್ತಿದ್ದಳು.

ಇದು ತಮಾಷೆಯ ಮಾತಾಗಿ ಉಳಿಯಬಹುದಿತ್ತು. ಅಷ್ಟರಲ್ಲಿ ಸುಮತಿಯ ಕಿವಿ ಮಂದವಾಗತೊಡಗಿತು. ಮೊದಲು ಹಕ್ಕಿಗಳು ಹೋದವು. ಬಳಿಕ ಬಾಗಿಲಿನ ಕರೆಗಂಟೆ, ಕುಕ್ಕರಿನ ಸೀಟಿ. ನರವೇ ಸೋಲುತ್ತಿದೆ, ಹಿಂದಿರುಗಿ ಬರುವುದಿಲ್ಲ, ಇನ್ನೂ ಕಡಿಮೆಯಾಗುತ್ತದೆ ಎಂದು ವೈದ್ಯರು ಮರೆಮಾಚದೆ ಹೇಳಿದರು. ಶ್ರವಣಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತಿತ್ತು. ಸಂಗೀತ ಮಾತ್ರ ತಗಡು ಬಡಿದಂತೆ ಕೇಳಿಸುತ್ತಿತ್ತಂತೆ. ಯಂತ್ರವಿಲ್ಲದೆ ಹತ್ತಿರ ಕುಳಿತರೆ ಗಿಟಾರಿನ ದಪ್ಪ ಸ್ವರಗಳು ಇನ್ನೂ ದಕ್ಕುತ್ತಿದ್ದವು. ಅದು ಎಷ್ಟು ಕಾಲವೆಂದು ಯಾರಿಗೂ ತಿಳಿದಿರಲಿಲ್ಲ. ಅಮ್ಮನಿಗೆ ಕೇಳಿಸುತ್ತಿರುವಾಗಲೇ ಆ ಹಾಡನ್ನು ಅದರ ಶ್ರುತಿಯಲ್ಲಿ ಕೇಳಿಸಬೇಕು ಎಂಬುದೊಂದೇ ಅನಘಾಳ ಚಿಂತೆಯಾಯಿತು.

ತಿರುವನಂತಪುರದಲ್ಲಿ ಅವಳ ಕಾರ್ಯಕ್ರಮವೊಂದು ಗೊತ್ತಾಗಿತ್ತು. ಅದಕ್ಕೆ ಮುಂಚಿನ ವಾರವೆಲ್ಲ ಅವಳು ನಮ್ಮ ಮನೆಯಲ್ಲಿದ್ದಳು. ಬೆಳಗ್ಗೆ ಕಾಫಿ ಕುಡಿದು ಕುಳಿತರೆ ಬಿರಡೆ ತಿರುಗಿಸುವುದು, ಮೀಟುವುದು, ತಲೆಯಾಡಿಸುವುದು. ವಾರ ಮುಗಿದರೂ ಸಿಗಲಿಲ್ಲ. ಹೊರಡುವ ಬೆಳಗ್ಗೆ ಊಟದ ಮೇಜಿನ ಮೇಲೆ ಗಿಟಾರನ್ನಿಟ್ಟು ಆರೂ ತಂತಿಗಳನ್ನು ಬಿಚ್ಚಿದಳು. ಕೊಚ್ಚಿಯ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕಾರ್ಯಕ್ರಮಕ್ಕೆ ಮೊದಲು ಹೊಸತು ಹಾಕುವುದು ರೂಢಿ. ಉಳಿದವರು ಒಂದೊಂದಾಗಿ ಬದಲಾಯಿಸುತ್ತಾರಂತೆ. ಇವಳು ಎಲ್ಲವನ್ನೂ ಒಮ್ಮೆಗೇ ತೆಗೆದು, ಹಾಡುವ ಊರಿಗೆ ಹೋದ ಮೇಲೆ ಹೊಸ ತಂತಿ ಕಟ್ಟುತ್ತಾಳೆ. ಬಿಚ್ಚಿದ ತಂತಿಗಳನ್ನು ಸುರುಳಿ ಸುತ್ತಿ ಗುಜರಿ ಚೀಲಕ್ಕೆ ಹಾಕಿದವಳು ನಾನೇ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಗಿಟಾರಿನ ಪೆಟ್ಟಿಗೆಯೊಳಗೆ ಹೋದದ್ದು ಬರಿಯ ಮರ. ಹೊಸ ತಂತಿಗಳು ಅವಳ ಕೈಚೀಲದಲ್ಲಿ, ಅಂಗಡಿಯ ಲಕೋಟೆಯೊಳಗೇ ಇದ್ದವು.

ಸುಮತಿಯನ್ನು ಕಂಡು ಬರೋಣವೆಂದು ನಾನೂ ಹೊರಟೆ. ಎರ್ನಾಕುಲಂನಲ್ಲಿ ರೈಲು ಹತ್ತಿದೆವು. ಪೆಟ್ಟಿಗೆಯನ್ನು ಮೇಲೆ ಇಡಲು ಅನಘಾ ಒಪ್ಪಲಿಲ್ಲ. ಕಿಟಕಿಯ ಬಳಿ ಅವಳು, ಪಕ್ಕದಲ್ಲಿ ನಾನು, ನಮ್ಮ ನಡುವೆ ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆ. ಎದುರಿನ ಸೀಟಿನಲ್ಲಿ ಮಲಯಾಳಿ ಹೆಂಗಸೊಬ್ಬರು ಕುಳಿತಿದ್ದರು. ನರ್ಸ್ ಆಗಿ ನಿವೃತ್ತರಾದವರು, ವರ್ಕಲದಲ್ಲಿ ಮಗನ ಮನೆಗೆ ಹೋಗುತ್ತಿದ್ದವರು. ಆಲಪ್ಪುಳ ದಾಟುವ ಮೊದಲೇ ನಮ್ಮ ಊರು, ಮನೆತನ, ಅನಘಾಳಿಗೆ ಮದುವೆಯಾಗಿದೆಯೋ ಇಲ್ಲವೋ ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದರು.

ಕೊಲ್ಲಂ ದಾಟಿದ ಮೇಲೆ, ಹಿನ್ನೀರು ಕಾಣಿಸುವಲ್ಲಿ, ಸಿಗ್ನಲ್ ಸಿಗದೆ ರೈಲು ನಿಂತಿತು. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಡಬ್ಬಿಯ ಚಾವಣಿಯಲ್ಲಿ ಕುಣಿಯುತ್ತಿತ್ತು. ಹಲವರು ನಿದ್ದೆ ಹೋಗಿದ್ದರು. ಅನಘಾ ಎರಡೂ ಕೈಗಳಲ್ಲಿ ಕಾಗದ ಹಿಡಿದು ಪಳಂಪೊರಿ ತಿನ್ನುತ್ತಿದ್ದಳು. ಬಾಳೆಹಣ್ಣಿನ ಆ ಬಜ್ಜಿಯ ಎಣ್ಣೆ ಕೈಗೆ ಹತ್ತಿತೆಂದು ಗೊಣಗುತ್ತಿದ್ದಳು.

ಆಗ ಪೆಟ್ಟಿಗೆಯೊಳಗಿನಿಂದ ಒಂದು ಸ್ವರ ಹೊರಟಿತು. ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದರೆ ಬರುವಂಥದ್ದು. ಅದು ಅಡಗುವವರೆಗೆ ಕಾದು ಎರಡನೆಯದು ಬಂದಿತು, ಹಾಗೆಯೇ ಮೂರನೆಯದು. ಅವಸರವಿರಲಿಲ್ಲ. ಪಾಠ ಕಲಿಯುವವರಿಗೆ ಒಂದೊಂದೇ ಅಕ್ಷರ ತೋರಿಸುವಂತೆ ಆರೂ ಸ್ವರಗಳು ಬಂದವು. ನನ್ನ ಮೊಣಕೈ ಪೆಟ್ಟಿಗೆಗೆ ತಾಗಿತ್ತು. ಪ್ರತಿ ಸ್ವರಕ್ಕೂ ಮರ ನಡುಗಿದ್ದು ಎಲುಬಿಗೆ ತಿಳಿಯಿತು. ಸ್ವಲ್ಪ ಬಿಡುವಿನ ಬಳಿಕ ಆರೂ ಮತ್ತೊಮ್ಮೆ ಕೇಳಿಸಿದವು. ಅನಂತರ ಏನೂ ಇಲ್ಲ.

ಎದುರಿನ ಹೆಂಗಸು ಪೆಟ್ಟಿಗೆಯತ್ತ ಬಾಗಿ, “ನಿರ್ತ್ತಲ್ಲೇ ಮೋಳೇ, ನಲ್ಲ ರಸಂ” ಎಂದರು. ನಿಲ್ಲಿಸಬೇಡ ಮಗಳೇ, ಬಹಳ ಚೆನ್ನಾಗಿದೆ ಎಂದರ್ಥ. ಮರುಕ್ಷಣ ಅನಘಾಳ ಕೈಯಲ್ಲಿದ್ದ ತಿಂಡಿಯನ್ನು ಕಂಡರು. ಮುಚ್ಚಿದ ಪೆಟ್ಟಿಗೆಯನ್ನು ಕಂಡರು. ಕೊನೆಗೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅನಘಾ ಎಣ್ಣೆಗೈಯಿಂದಲೇ ನನ್ನ ಮಣಿಕಟ್ಟು ಹಿಡಿದಳು.

“ದೊಡ್ಡಮ್ಮ, ಮಾತಾಡಬೇಡಿ. ಯಾರೂ ಮಾತಾಡಬೇಡಿ. ಅದೇ ಇದು.”

ಅವಳು ಕಣ್ಣು ಮುಚ್ಚಿ ಆ ಆರು ಸ್ವರಗಳನ್ನು ಗುನುಗತೊಡಗಿದಳು. ರೈಲು ಹೊರಟಿತು, ಅವಳು ನಿಲ್ಲಿಸಲಿಲ್ಲ. ವರ್ಕಲದಲ್ಲಿ ಆ ಹೆಂಗಸು ಇಳಿಯುವಾಗ ಅವಳ ತಲೆ ಮುಟ್ಟಿ, ಒಂದು ಮಾತನ್ನೂ ಆಡದೆ ಹೋದರು. ಅಷ್ಟು ಮಾತಿನವರು! ತಿರುವನಂತಪುರದಲ್ಲಿ ಇಳಿದು ಆಟೊ ಹತ್ತಿದರೂ ಗುನುಗು ಮುಂದುವರಿದಿತ್ತು. ಚಾಲಕ ಕನ್ನಡಿಯಲ್ಲಿ ಅವಳನ್ನೂ ನನ್ನನ್ನೂ ನೋಡಿ, ಹಾಕಿದ್ದ ಸಿನಿಮಾ ಹಾಡನ್ನು ಮೆಲ್ಲನೆ ಆರಿಸಿದ.

ಸುಮತಿ ಕಿಟಕಿಯಿಂದ ನಮ್ಮನ್ನು ಕಂಡು ಬಾಗಿಲು ತೆರೆದವಳೇ ಗದರಿದಳು. “ಇಷ್ಟು ಹೊತ್ತು ಎಲ್ಲಿಗೆ ಹೋದದ್ದು ನೀವು? ಬಂದವರು ಹೇಳದೆ ಕೇಳದೆ ಹೊರಗೆ ಹೋಗುವುದಾ?”

ನಾವು ಈಗಷ್ಟೇ ಬರುತ್ತಿದ್ದೇವೆ ಎಂದೆ. ಅವಳಿಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

“ಕೇಳಿತು, ಬೊಬ್ಬೆ ಹಾಕಬೇಡ. ಈಗ ಬಂದದ್ದಾದರೆ ಆಗ ಒಳಗಿನ ಕೋಣೆಯಲ್ಲಿ ಗಿಟಾರು ಬಾರಿಸಿದ್ದು ಯಾರು? ನನ್ನ ಅತ್ತೆಯಾ? ಚಾ ಮಾಡಿ ತಂದರೆ ಒಂದು ಜನ ಇಲ್ಲ!”

ಮೇಜಿನ ಮೇಲೆ ಮೂರು ಲೋಟಗಳಲ್ಲಿ ಚಹ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ನಾನು ಮುಟ್ಟಿ ನೋಡಿದೆ, ಪೂರ್ತಿ ತಣಿದಿತ್ತು. ಅವಳ ಶ್ರವಣಯಂತ್ರ ಕನ್ನಡಕದ ಡಬ್ಬಿಯ ಪಕ್ಕದಲ್ಲಿ ಬಿದ್ದಿತ್ತು.

ಅನಘಾ ನೆಲದ ಮೇಲೆ ಕುಳಿತು ಪೆಟ್ಟಿಗೆ ತೆರೆದಳು. ನಾನು ಬಾಗಿ ನೋಡಿದೆ. ಬೆಳಗ್ಗೆ ಇಟ್ಟ ಬರಿಯ ಮರವೇ. ಒಂದು ತಂತಿಯೂ ಇರಲಿಲ್ಲ. ಲಕೋಟೆ ಹರಿದು, ಹೊಸ ತಂತಿಗಳನ್ನು ಕಟ್ಟಿ, ಗುನುಗುತ್ತಲೇ ಒಂದೊಂದನ್ನೂ ಬಿಗಿದಳು. ಕೊನೆಯದನ್ನು ಬಿಗಿದು ಆರನ್ನೂ ಕ್ರಮವಾಗಿ ಮೀಟಿದಾಗ, ತಣಿದ ಚಹವನ್ನು ಒಳಗೆ ಒಯ್ಯುತ್ತಿದ್ದ ಸುಮತಿ ಬಾಗಿಲಲ್ಲಿ ನಿಂತಳು.

“ಹಾಂ, ಇದನ್ನೇ ಅಲ್ವಾ ಆಗಲೂ ಬಾರಿಸಿದ್ದು,” ಎಂದಳು. ಅನಂತರ ಅವಳ ಮುಖ ಬದಲಾಯಿತು. ಲೋಟಗಳನ್ನು ಕೆಳಗಿಟ್ಟು ಮಗಳ ಎದುರಿಗೆ ಕುಳಿತುಕೊಂಡಳು. “ಮಗಾ, ಅದೇ. ಆ ಹಾಡು ಹೇಳು.”

ಅನಘಾ ಹಾಡಿದಳು. ಸುಮತಿ ಗಿಟಾರಿನ ಅಂಚಿಗೆ ಅಂಗೈಯಿಟ್ಟು, ಸಾಲಿಗೆ ಸಾಲು ತುಟಿಯಾಡಿಸುತ್ತ ಕೊನೆಯವರೆಗೆ ಕೇಳಿದಳು. ಮರುದಿನ ಸಂಜೆ ಸಭೆಯಲ್ಲಿಯೂ ಆ ಹಾಡು ಬಂದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ನನ್ನ ಮಟ್ಟಿಗೆ ನಿಜವಾದ ಕಾರ್ಯಕ್ರಮ ಆ ನೆಲದ ಮೇಲೆ ಮುಗಿದಿತ್ತು. ಆ ಹಾಡಿನಲ್ಲಿ ಎರಡು ವ್ಯಾಕರಣದೋಷಗಳಿವೆ. ಅವು ಹಾಗೆಯೇ ಇರಲಿ ಎಂದು ಈಗ ನನಗನ್ನಿಸುತ್ತದೆ.

ಕೊಚ್ಚಿಗೆ ಮರಳಿದ ಮೇಲೆ ನಾನು ವಿಚಾರಣೆಗೆ ತೊಡಗಿದೆ. ಬೇರೊಬ್ಬರ ಮೊಬೈಲಿನಿಂದ ಬಂದಿರಬಹುದೇ? ಹಾಗಾದರೆ ನನ್ನ ಮೊಣಕೈಗೆ ತಾಗಿದ ನಡುಕ ಯಾವುದು? ಕಳಮಶ್ಶೇರಿಯಲ್ಲಿ ಭೌತಶಾಸ್ತ್ರ ಕಲಿಸುವ ಪರಿಚಿತರೊಬ್ಬರನ್ನು ಕೇಳಿದೆ. ಹೊರಗಿನ ಶಬ್ದಕ್ಕೆ ಟೊಳ್ಳು ಮರ ಅನುರಣಿಸಬಹುದು; ತಂತಿಯಿಲ್ಲದೆ ಕ್ರಮವಾಗಿ ಆರು ಬೇರೆ ಬೇರೆ ಸ್ವರಗಳು ಹುಟ್ಟಲಾರವು ಎಂದರು. ಬಳಿಕ ಮೆಲ್ಲನೆ, “ಟೀಚರೇ, ಬೇಸರಿಸಬೇಡಿ. ಊಟವಾದ ಮೇಲೆ ಸಣ್ಣ ನಿದ್ದೆ ಬಂದಿತ್ತೋ ಏನೋ?” ಎಂದರು. ಅವರ ಸ್ಥಾನದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಮೂವರಿಗೆ ಒಂದೇ ನಿದ್ದೆ ಬರುವುದು ಹೇಗೆ? ರೈಲಿನಿಂದ ಅಷ್ಟು ದೂರದಲ್ಲಿ, ಕುಕ್ಕರಿನ ಸೀಟಿಯೂ ಕೇಳದ ನಾಲ್ಕನೆಯವಳು ಚಹಕ್ಕೆ ನೀರಿಟ್ಟದ್ದು ಹೇಗೆ? ಅನಘಾಳನ್ನು ಕೇಳಿದರೆ, “ಸಿಕ್ಕಿತಲ್ಲಾ ದೊಡ್ಡಮ್ಮ” ಎಂದು ನಗುತ್ತಾಳೆ. ಆ ಶ್ರುತಿಯನ್ನು ಅವಳು ಇಂದಿಗೂ ಬರೆದಿಟ್ಟಿಲ್ಲ.

ಅದಾಗಿ ಕೆಲವು ವರ್ಷಗಳು ಕಳೆದಿವೆ. ಸುಮತಿಯ ಕಿವಿ ಇನ್ನಷ್ಟು ಮಂದವಾಗಿದೆ. ಮಗಳು ಊರಿನಲ್ಲಿದ್ದಾಗ ಗಿಟಾರಿನ ಮೈಗೆ ಕೈಯಿಟ್ಟು ಕುಳಿತುಕೊಳ್ಳುತ್ತಾಳೆ. ಎಷ್ಟು ಕೇಳಿಸುತ್ತದೆಂದು ನಾವು ಕೇಳುವುದಿಲ್ಲ, ಅವಳು ಹೇಳುವುದೂ ಇಲ್ಲ. ಮುಖ ನೋಡಿದರೆ ತೃಪ್ತಳಾಗಿದ್ದಾಳೆ. ಈಚೆಗೆ ಹೋದಾಗ ನಾನು ಕೊನೆಯ ಸಲವೆಂಬಂತೆ ಅವಳ ಪಕ್ಕದಲ್ಲಿ ಕುಳಿತು ಒಂದೊಂದಾಗಿ ವಿಚಾರಿಸಿದೆ. ನಿಜವಾಗಿ ಕೇಳಿಸಿತೇ? ಒಳಗಿನ ಕೋಣೆಯಿಂದಲೇ ಬಂದಿತೆಂದು ಹೇಗೆ ತಿಳಿಯಿತು? ಪಕ್ಕದ ಮನೆಯ ಟಿ.ವಿ. ಆಗಿರಬಾರದೇ? ನೆನಪು ಹಿಂದುಮುಂದಾಗಿರಬಾರದೇ?

ಅವಳು ತಾಳ್ಮೆಯಿಂದ ನನ್ನ ತುಟಿಗಳನ್ನು ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಅಕ್ಕಾ, ನನಗೆ ಕೇಳುವುದೇ ಕಡಿಮೆ,” ಎಂದಳು. “ಕೇಳಿದ್ದನ್ನೂ ಕೇಳಲಿಲ್ಲ ಅಂತ ಹೇಳು ಅಂತೀಯಾ?”

ನನ್ನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಲಿಲ್ಲ.