ಗಾಲಿಯ ಸಂದಿಗೆ ಇಸ್ಪೀಟು ಎಲೆ

ನಿಂತ ಕಾರಿನ ಮುಂದೆ ಹಾದುಹೋಗುವಾಗ ರಸಿಕರು ಅದರ ಬಣ್ಣ ನೋಡುತ್ತಾರೆ, ವ್ಯವಹಾರಸ್ಥರು ನಂಬರು ನೋಡಿ ಯಾವ ಊರಿನದೆಂದು ತರ್ಕಿಸುತ್ತಾರೆ. ನಾನು ಮಾತ್ರ ತಲೆ ತಗ್ಗಿಸಿ ಗಾಲಿ ನೋಡುತ್ತೇನೆ. ಇದನ್ನು ವಿನಯವೆಂದು ಮೆಚ್ಚಿದವರಿದ್ದಾರೆ. ಏನೋ ಬೀಳಿಸಿಕೊಂಡಿದ್ದಾನೆಂದು ನನ್ನ ಜೊತೆ ಬಗ್ಗಿ ಹುಡುಕಿದವರೂ ಇದ್ದಾರೆ. ಟೈರಿನ ಕರಿ ರಬ್ಬರು ಮುಗಿದು ಗಾಲಿಯ ಕಬ್ಬಿಣ ಆರಂಭವಾಗುವ ಆ ಸಣ್ಣ ಸಂದಿಯಿದೆಯಲ್ಲ, ನನ್ನ ಕಣ್ಣು ನೆಡುವುದು ಅಲ್ಲಿ. ಈ ವ್ಯಸನಕ್ಕೆ ಮೂಲ ನಮ್ಮ ಅಪ್ಪ. ಅಪ್ಪನ ವ್ಯಸನಕ್ಕೆ ಮೂಲ ನಮ್ಮ ಅಜ್ಜಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ರಾಯಚೂರಿನಲ್ಲಿ ಸಂಸ್ಕೃತ ಮಾಸ್ತರರು. ಮಾನ್ವಿಯಲ್ಲಿ ಅಜ್ಜ ತೀರಿಕೊಂಡ ಮೇಲೆ ಅಜ್ಜಿ ನಮ್ಮ ಮನೆಗೆ ಬಂದಿದ್ದಳು. ಅವಳ ತವರು ದೇವದುರ್ಗ. ಅಲ್ಲಿ ಒಬ್ಬನೇ ತಮ್ಮ, ಶಾಮಣ್ಣ. ಅಜ್ಜ ಇರುವತನಕ ಪ್ರತಿ ಬೇಸಿಗೆಯಲ್ಲಿ ಗಂಡಹೆಂಡಿರಿಬ್ಬರೂ ಹೋಗಿ ತಿಂಗಳಿದ್ದು ಬರುತ್ತಿದ್ದರಂತೆ. ಅಜ್ಜ ಹೋದ ಮೇಲೆ ಅವಳು ಆ ದಿಕ್ಕಿಗೆ ಮುಖ ಹಾಕಿರಲಿಲ್ಲ. ಶಾಮಣ್ಣ ಮುದುಕನಾಗುತ್ತಿದ್ದ, ವರ್ಷವರ್ಷ ಕರೆಯುತ್ತಿದ್ದ. ಅಜ್ಜಿಯೋ ನೆಪಗಳ ಅಕ್ಷಯಪಾತ್ರೆ. ಏಕಾದಶಿ ಬಂತು, ಬಿಸಿಲು ಬಹಳ, ಬಸ್ಸಿನಲ್ಲಿ ಮಡಿ ಉಳಿಯುವುದಿಲ್ಲ. ಇನ್ನೊಂದು ಕಟ್ಟಳೆಯನ್ನೂ ಅವಳು ನಮ್ಮ ಮನೆಗೆ ತಂದಿದ್ದಳು: ಇಸ್ಪೀಟು ಎಲೆ ಹೊಸ್ತಿಲು ದಾಟಿ ಒಳಗೆ ಬರಕೂಡದು. ಅದು ಶಾಸ್ತ್ರದಲ್ಲೇ ಇದೆಯೆಂದು ನಾನು ನಂಬಿದ್ದೆ; ಸಂಸ್ಕೃತ ಮಾಸ್ತರರ ಮಗನಾಗಿಯೂ ಶಾಸ್ತ್ರವನ್ನು ನಾನು ಓದಿರಲಿಲ್ಲ ಎಂಬುದು ಬೇರೆ ಮಾತು.

ಬಸ್ಸಿನ ನೆಪವನ್ನು ಮುರಿಯಲೆಂದೇ ಅಪ್ಪ ಅರಳೆ ವ್ಯಾಪಾರಿಯೊಬ್ಬರಿಂದ ಒಂದು ಹಳೆಯ ಅಂಬಾಸಿಡರ್ ಕೊಂಡರು. ಅಜ್ಜಿ ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ಬೆರಳು ತೋರಿಸಿದಳು.

"ಈ ತುಕ್ಕ ಹಿಡಿದ ಗಾಲಿ ಮ್ಯಾಲ ಕೂತು ತವರಮನಿಗೆ ಹೋಗಂಗಿಲ್ಲ ನೋಡಪಾ ನಾ."

ಅಪ್ಪ ಜನ್ಮದಲ್ಲಿ ಗೋಡೆಗೊಂದು ಮೊಳೆ ಹೊಡೆದವರಲ್ಲ. ಆದರೂ ಮರುದಿನವೇ ಬೆಳ್ಳಿ ಬಣ್ಣದ ಡಬ್ಬಿ ತಂದರು. ಕಾರನ್ನು ಒಂದು ಪಕ್ಕ ಎತ್ತಿ, ಕಲ್ಲುಗಳ ಮೇಲೆ ಕೂರಿಸಿ, ಎರಡು ಗಾಲಿ ಬಿಚ್ಚಿ ಬಾವಿಕಟ್ಟೆಯ ಮೇಲೆ ಮಲಗಿಸಿದೆವು. ಬಿ.ಎ. ಮುಗಿಸಿ ನೌಕರಿಯ ನಿರೀಕ್ಷೆಯಲ್ಲಿ ಕೂತಿದ್ದ ನನಗೆ ಮೊದಲ ನೌಕರಿ ಸಿಕ್ಕಿದ್ದು ಅಲ್ಲಿ: ತುಕ್ಕು ಕೆರೆಯುವುದು. ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಮೂಗಿನೊಳಗೆಲ್ಲ ತುಕ್ಕಿನ ಪುಡಿ ತುಂಬಿ, ಎರಡು ದಿನ ಸಾರಿಗೂ ಕಬ್ಬಿಣದ ರುಚಿ ಬಂದಿತ್ತು. ಕೆಂಪು ಪ್ರೈಮರ್ ಹಚ್ಚಿ ಒಣಗಿಸಿದೆವು. ಇಲ್ಲಿಯವರೆಗೆ ಎಲ್ಲವೂ ಸಾಂಗವಾಗಿಯೇ ನಡೆಯಿತು.

ಬೆಳ್ಳಿ ಬಣ್ಣ ಟೈರಿಗೆ ತಾಗಬಾರದೆಂದು ಅಪ್ಪ ಅದಕ್ಕೆ ಹಳೆಯ ಪತ್ರಿಕೆಯನ್ನು ಗಂಜಿಯಿಂದ ಅಂಟಿಸಿದರು. ರಾಯಚೂರಿನ ಮಧ್ಯಾಹ್ನದ ಗಾಳಿಗೆ ಗಂಜಿಯ ಮೇಲೆ ಗೌರವವಿಲ್ಲ. ಕಾಗದ ಹಾರಿತು, ಬಣ್ಣ ಹರಿಯಿತು, ಟೈರಿನ ಮೇಲೆ ಬಿಳಿ ಪಟ್ಟೆಗಳೆದ್ದವು.

"ವೈಷ್ಣವರ ಗಾಡಿಗೆ ವಿಭೂತಿ ಬಳದೀಯಲ್ಲೋ ಗೋಪಾಲಾ!" ಎಂದಳು ಅಜ್ಜಿ ಅಪ್ಪನಿಗೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು. ಅವಳ ದನಿಯಲ್ಲಿ ಗೆಲುವಿತ್ತು. ಗಾಲಿ ಕೆಟ್ಟರೆ ಪ್ರಯಾಣ ಕೆಟ್ಟಂತೆ. ಅಪ್ಪ ಬ್ರಷ್ಷು ಕೆಳಗಿಟ್ಟರು.

ಆಗ ನನ್ನ ಬಾಯಿ ಜಾರಿತು. "ಗ್ಯಾರೇಜಿನ್ಯಾಗ ಟೈರಿನ ಸಂದಿಗೆ ಸುತ್ತಲೂ ಇಸ್ಪೀಟು ಎಲಿ ಸಿಗಸ್ತಾರಪ್ಪ. ಬಣ್ಣ ಎಲಿ ಮ್ಯಾಲ ಬೀಳ್ತದ, ಟೈರಿಗೆ ಹತ್ತಂಗಿಲ್ಲ."

ಅಪ್ಪ ಅಜ್ಜಿಯ ಕಡೆ ನೋಡಿ, "ನಮ್ಮ ಮನ್ಯಾಗ ಆ ಮಾತು ಬ್ಯಾಡ" ಎಂದರು. ಅಜ್ಜಿ ಒಳಗೆ ಹೋದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ತಿರುಗಿ ಬಂದವಳ ಕೈಯಲ್ಲಿ ಅಜ್ಜನ ಶಲ್ಯದ ತುಂಡೊಂದರಲ್ಲಿ ಕಟ್ಟಿದ ಸಣ್ಣ ಗಂಟಿತ್ತು. ಬಾವಿಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಅಂಚು ಸವೆದ ಇಸ್ಪೀಟು.

"ನಿಮ್ಮಪ್ಪನವು. ದೇವದುರ್ಗದಾಗ ನಾವು ಮೂರೂ ಮಂದಿ ಆಡತಿದ್ದಿವಿ, ಅವರು, ನಾನು, ಶಾಮಾ. ಹೊಲಸಾದರ ಆಗಲಿ, ತಗೋ."

ಅಪ್ಪ ಕೈಚಾಚಲಿಲ್ಲ. ಇಷ್ಟು ವರ್ಷ ನಾವು ಶಾಸ್ತ್ರವೆಂದು ತಿಳಿದದ್ದು ಅವಳ ದುಃಖವಾಗಿತ್ತು. ಆ ಎಲೆಗಳನ್ನು ಕೊಟ್ಟರೆ ತನ್ನ ಕೊನೆಯ ನೆಪವೂ ಹೋಗುತ್ತದೆಂದು ಗೊತ್ತಿದ್ದೇ ಅವಳು ಕೊಟ್ಟಿದ್ದಳು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಪುಣ್ಯಕ್ಕೆ ಸೀಮೆಎಣ್ಣೆಯ ಮೇಲೆ ತಪ್ಪು ಹೊರಿಸಬಹುದಿತ್ತು. ಕೊನೆಗೆ ಅಜ್ಜಿಯೇ ಕೂತು ಒಂದೊಂದೇ ಎಲೆಯನ್ನು ಸಂದಿಗೆ ಸಿಗಿಸಿದಳು. ಗಾಲಿಯ ಸುತ್ತ ರಾಜರಾಣಿಯರು ಒತ್ತೊತ್ತಾಗಿ ನಿಂತರು. ಬಣ್ಣ ಒಣಗುವತನಕ ಧೂಳು ಕೂರಬಾರದೆಂದು ಗಾಲಿಗಳ ಮೇಲೆ ಅಮ್ಮನ ಸೊಳ್ಳೆಪರದೆ ಕಟ್ಟಿದೆವು, ಮತ್ತು ಉಳಿದೆರಡು ಗಾಲಿಗಳೂ ಮುಗಿಯುವತನಕ, ಆ ವಾರವೆಲ್ಲ, ನಮ್ಮನ್ನು ಸೊಳ್ಳೆಗಳಿಗೆ ಒಪ್ಪಿಸಿದೆವು.

ದೇವದುರ್ಗಕ್ಕೆ ಹೊರಟ ಬೆಳಿಗ್ಗೆ ಅಜ್ಜಿ ಎಲೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಶಾಮಣ್ಣ ಬಾಗಿಲಲ್ಲಿ ಕಾರು ಕಂಡು ಹೊರಗೆ ಬಂದ, ಅಕ್ಕನನ್ನು ಕಂಡು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಅವನು ಗಾಲಿ ನೋಡಲೇ ಇಲ್ಲ. ಅಪ್ಪ ಎರಡು ಸಲ ಕೆಮ್ಮಿ ಗಾಲಿಯ ಪಕ್ಕ ನಿಂತದ್ದೂ ವ್ಯರ್ಥವಾಯಿತು.

ಊಟವಾದ ಮೇಲೆ ಅಜ್ಜಿ ಗಂಟು ಬಿಚ್ಚಿ ತಮ್ಮನ ಮುಂದಿಟ್ಟಳು. "ಹಂಚು."

ಒಂದೊಂದು ಎಲೆಯ ಬೆನ್ನಿಗೂ ಒಂದೊಂದು ಆಕಾರದ ಬೆಳ್ಳಿ ಕಲೆ. ಶಾಮಣ್ಣ ಕೈಯಲ್ಲಿ ತಿರುಗಿಸಿ ನೋಡಿ, "ಅಕ್ಕಾ, ಎಲ್ಲಾಕ್ಕೂ ಗುರುತು ಹತ್ತ್ಯದ. ಆಟ ಹ್ಯಾಂಗ ಆಡೂದು?" ಎಂದ.

"ನಿನ್ನ ಎಲಿ ನಾ ನೋಡ್ತೀನಿ, ನನ್ನವು ನೀ ನೋಡು. ಮೂರು ಪಾಲು ಹಾಕು."

ಶಾಮಣ್ಣ ಮೂರು ಪಾಲು ಹಾಕಿದ. ಮೂರನೆಯದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಹೋಗಿ ಆ ಜಾಗದಲ್ಲಿ ಕೂತರು.

ಈಗಿನ ಗಾಲಿಗಳಿಗೆ ಮನೆಯಲ್ಲಿ ಯಾರೂ ಬಣ್ಣ ಹಚ್ಚುವುದಿಲ್ಲ. ನಾನು ಮಾತ್ರ ಈಗಲೂ ನಿಂತ ಕಾರು ಕಂಡರೆ ಮೊದಲು ತಲೆ ತಗ್ಗಿಸಿ ಆ ಸಂದಿಯನ್ನು ನೋಡುತ್ತೇನೆ; ಆಮೇಲೆ ತಲೆ ಎತ್ತಿ, ಹಿಂದಿನ ಸೀಟಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ನೋಡುತ್ತೇನೆ.