ಅಮ್ಮನಿಗೆ ಆಗದ ಔಷಧಿ

ಮರುದಿನ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ, ಡಾಕ್ಟರ ಇಕ್ಕಟ್ಟು ಕೋಣೆಯೊಳಗೆ, ಅಮ್ಮ, ನಾನು, ಹರಿಹರದಿಂದ ಬಂದಿದ್ದ ಅಕ್ಕ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದೆವು.

"ಯಾವ್ದಾದ್ರೂ ಔಷಧಿ ಆಗಲ್ವೇನ್ರಿ?" ಡಾಕ್ಟರು ಕೇಳಿದರು.

ಒಂದು ಆಗುವುದಿಲ್ಲ. ವರ್ಷಗಳ ಹಿಂದೆ ಹರಿಹರದ ಆಸ್ಪತ್ರೆಯೊಂದರಲ್ಲಿ ಯಾವುದೋ ಇಂಜೆಕ್ಷನ್‌ಗೆ ಅಮ್ಮನ ಮುಖ ಊದಿ ಉಸಿರು ಕಟ್ಟಿತ್ತು. ಆ ಆಸ್ಪತ್ರೆ ಈಗಿಲ್ಲ, ಅಲ್ಲಿ ಟೈಲ್ಸ್ ಅಂಗಡಿಯಿದೆ.

"ಪೆನ್ಸಿಲಿನ್" ಎಂದೆ. ಆ ಊದಿದ ಮುಖ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

"ನೀನೆಲ್ಲಿ ನೋಡ್ದೆಲೇ?" ಅಕ್ಕ ತಿರುಗಿದಳು. "ಅವಾಗ ನೀನು ಧಾರವಾಡದಾಗೆ ಎಂ.ಎ. ಓದ್ತಿದ್ದೆ. ನಾನೇ ಫೋನ್ ಮಾಡಿ ಹೇಳಿದ್ದು. ಅದು ನೋವು ಇಳಿಸೋ ಇಂಜೆಕ್ಷನ್."

"ನನ್ನ ಕೇಳಬ್ಯಾಡ್ರಪ್ಪ, ನಂಗೆ ಎಚ್ಚರನೇ ಇದ್ದಿಲ್ಲ" ಎಂದು ಅಮ್ಮ ನಕ್ಕಳು.

ನಾನು ಮಾತು ಬೇರೆ ಕಡೆ ತಿರುಗಿಸಿದೆ. ಇಂಥದಕ್ಕೇ ದೇಶಕ್ಕೊಂದು ನಂಬಬಹುದಾದ ಮಾಹಿತಿ ಭಂಡಾರ ಬೇಕು, ಅದನ್ನು ಸರ್ಕಾರವಾಗಲಿ ಕಂಪನಿಗಳಾಗಲಿ ನಡೆಸಬಾರದು, ಯಾರ ಹಂಗಿಗೂ ಒಳಗಾಗದ ತಜ್ಞರ ಮಂಡಳಿ ನಡೆಸಬೇಕು ಎಂದೆ. ಚಹಾ ಅಂಗಡಿಯಲ್ಲಿ ಗೆಳೆಯರೊಡನೆ ಹತ್ತಾರು ಸಲ ಗೆದ್ದ ವಾದ ಅದು.

"ನೀವೇ ನಡೆಸ್ರಿ ಸರ್" ಎಂದರು ಡಾಕ್ಟರು. "ಮೊದ್ಲು ನಿಮ್ಮನೇದು ಹೇಳ್ರಿ."

ಕಂಪ್ಯೂಟರ್ ಮುಂದೆ ಕೂತಿದ್ದ ನರ್ಸಿಗೆ, "ಪೆನ್ಸಿಲಿನ್, ನೋವಿನ ಮದ್ದು, ಎರಡಕ್ಕೂ ಖಚಿತವಿಲ್ಲ ಅಂತ ಹಾಕಿ" ಎಂದೆ.

"'ಆಗಲ್ಲ' ಅನ್ನೋದಕ್ಕೆ ಹೌದು, ಇಲ್ಲ, ಎರಡೇ ಐತ್ರಿ ಸರ್."

ಎರಡಕ್ಕೂ ಹೌದು ಎಂದರೆ ಅಪಾಯ ತಪ್ಪುತ್ತದೆ, ಆದರೆ ಆಮೇಲೆ ನೋವು ತಡೆದುಕೊಳ್ಳಬೇಕು, ಬೇರೆ ಮದ್ದು ಅಷ್ಟು ಹಿಡಿಯುವುದಿಲ್ಲ ಎಂದರು ಡಾಕ್ಟರು. ಅಕ್ಕನೂ ನನ್ನತ್ತ ನೋಡಿದಳು. ಓದಿದವನು ನಾನಲ್ಲವೇ? ಧಾರವಾಡದ ಹಾಸ್ಟೆಲ್ಲಿನ ಫೋನು ನೆನಪಿಗೆ ಬಂತು, ಅಮ್ಮನ ಮಂಚದ ಪಕ್ಕ ನಾನು ನಿಂತಿದ್ದೂ ಬಂತು. ಎರಡೂ ಅಷ್ಟೇ ಸ್ಪಷ್ಟ. ಭಂಡಾರವನ್ನು ಯಾರೇ ನಡೆಸಲಿ, ಅದರ ಬಾಗಿಲಲ್ಲಿ ಕೂತು ಒಳಗೆ ಹೋಗುವ ಉತ್ತರ ಕೊಡುವವನು ನನ್ನಂಥವನೇ.

"ಎರಡಕ್ಕೂ ಹೌದು" ಎಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆ ಅಮ್ಮ ನೋವಿಗೆ ಹಲ್ಲು ಕಚ್ಚಿಕೊಂಡು, "ಒಂದು ಸೂಜಿ ಹಾಕ್ರವ್ವ" ಎಂದು ಬೇಡಿದಳು.

ಆಗ ಇದ್ದವಳು ಬೇರೆ ನರ್ಸು. ಕಂಪ್ಯೂಟರ್ ತೆರೆ ನೋಡಿ ಬಂದು, "ಅದು ನಿಮಗೆ ಆಗಲ್ಲ ಅಜ್ಜಿ" ಎಂದಳು.

"ಯಾರವ್ವ ಹೇಳಿದ್ದು?"

"ಕಂಪ್ಯೂಟರ್‌ನಾಗೆ ಐತ್ರಿ."

ಅಮ್ಮ ಕಣ್ಣು ಮುಚ್ಚಿ, ತಡೆದುಕೊಳ್ಳಲು ನನ್ನ ಕೈಯನ್ನೇ ಹಿಡಿದಳು.